ಜೊತೆಯಲ್ಲಿ ಕೂತು ಉಣ್ಣುವುದು

ಚಿಕ್ಕಬೋರಮ್ಮ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳ ಗಂಡ ಸಿದ್ದರಾಜು ಒಂದು ಹೊತ್ತೂ ಮನೆಯೊಳಗೆ ಕೂತು ಉಂಡಿರಲಿಲ್ಲ. ಮೊದಮೊದಲು ಹಸು ಈದಿದೆ, ಕರು ನೋಡಿಕೊಳ್ಳಬೇಕು ಅಂದ. ಆಮೇಲೆ ನಾಲೆಗೆ ನೀರು ಬಿಟ್ಟಿದ್ದಾರೆ, ಗದ್ದೆಗೆ ಬೇಗ ಹೋಗಬೇಕು ಅಂದ. ಕೊನೆಗೆ ನೆಪ ಹೇಳುವುದನ್ನೂ ಬಿಟ್ಟ. ಸೊಸೆ ಅರ್ಪಿತ ತಟ್ಟೆಯನ್ನು ಕೊಟ್ಟಿಗೆಯ ಜಗಲಿಗೆ ಒಯ್ದು ಇಡಬೇಕು, ಅವನು ಉಂಡು ತಟ್ಟೆ ತೊಳೆದು ಅಲ್ಲೇ ಮಗುಚಿಡಬೇಕು. ಮಲಗುವ ಮಂಚವೂ ಅಲ್ಲಿಗೇ ಹೋಗಿತ್ತು.

"ಮಾವ, ಒಳಗೆ ಬಂದು ಉಣ್ಣಿ. ದನಗಳ ಮಗ್ಗುಲಲ್ಲಿ ಕೂತು ಉಣ್ಣೋದೇನು ಚೆಂದ?" ಅಂತ ಅರ್ಪಿತ ಒಂದು ಬೆಳಿಗ್ಗೆ ಕೇಳಿದಳು.

"ನಂಗೆ ಇಲ್ಲೇ ತಂಪು, ಬುಡವ್ವ."

"ಚಳಿಗಾಲದಲ್ಲಿ ಎಂಥ ತಂಪು ಮಾವ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಬೋರಮ್ಮನಿಗೆ ಎಲ್ಲ ಕೇಳಿಸಿತು. ಅವಳು ಒಳಗೆ ಸರಿದು ಸೊಪ್ಪು ಬಿಡಿಸುತ್ತ ಕೂತಳು.

ಅರಕೆರೆಯಲ್ಲಿ ಅವರದು ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಭತ್ತದ ಗದ್ದೆ, ಒಂದಿಷ್ಟು ಕಬ್ಬು, ಡೇರಿಗೆ ಹಾಕುವಷ್ಟು ಹಾಲು. ಮಗ ರವೀಂದ್ರ ಪಾಂಡವಪುರದಲ್ಲಿ ಟ್ರಾಕ್ಟರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಷ್ಟ ಬಂದದ್ದು ಚಿಕ್ಕಬೋರಮ್ಮನ ಕರುಳಿನ ಕೊನೆಯಲ್ಲಿ ಗಡ್ಡೆಯಾಗಿ. ಮೂಲವ್ಯಾಧಿ ಇರಬೇಕು ಅಂತ ಅವಳೂ ನಾಟಿ ಔಷಧಿ ಕೊಟ್ಟವರೂ ಬಹಳ ದಿನ ಅಂದುಕೊಂಡಿದ್ದರು. ಕ್ಯಾನ್ಸರು ಅಂತ ಗೊತ್ತಾದ ಮೇಲೆ ಆಪರೇಷನ್ ಮಾಡಿ, ಇದ್ದ ದಾರಿಯನ್ನು ಮುಚ್ಚಿ, ಹೊಟ್ಟೆಯ ಎಡಗಡೆ ಹೊಸದೊಂದು ಬಾಯಿ ತೆಗೆದು ಅದಕ್ಕೆ ಚೀಲ ಅಂಟಿಸಿದರು. ಹೊಟ್ಟೆಯಿಂದ ಹೊರಗೆ ಹೋಗಬೇಕಾದದ್ದೆಲ್ಲ ಬದುಕಿರುವ ತನಕ ಇನ್ನು ಆ ಚೀಲಕ್ಕೇ. ಅದನ್ನು ಖಾಲಿ ಮಾಡಿ ತೊಳೆಯುವುದನ್ನು, ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುವುದನ್ನು ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಳು. ಅರ್ಪಿತ ಮೂಗು ಮುರಿಯದೆ ಕಲಿತಳು. ಮೊಮ್ಮಗಳು ಚಿನ್ನು ಒಂದು ಸಲ ಸೀರೆ ಸರಿಸಿ ನೋಡಿ, "ಅಜ್ಜಿ, ಇದ್ರಲ್ಲಿ ಏನಿಟ್ಕೊಂಡಿದ್ದೀಯ?" ಅಂದು ಆಟಕ್ಕೆ ಓಡಿಹೋಗಿದ್ದಳು.

ಚಿಕ್ಕಬೋರಮ್ಮ ಮಾತ್ರ ಅದಕ್ಕೆ ಒಗ್ಗಲಿಲ್ಲ. ಉಂಡರೆ ಚೀಲ ತುಂಬುತ್ತದೆ ಅಂತ ಉಣ್ಣುವುದನ್ನು ಕಡಿಮೆ ಮಾಡಿದಳು. ಡೇರಿಗೆ ಹೋಗುವುದು ನಿಂತಿತು. ಯಾರಾದರೂ ಮನೆಗೆ ಬಂದರೆ ಹಿತ್ತಿಲಿಗೆ ಹೋಗುತ್ತಿದ್ದಳು. ಅಡುಗೆಗೆ ಕೈ ಹಚ್ಚಲು ಹೋದರೆ ಸಿದ್ದರಾಜು ಹೊರಗಿನಿಂದಲೇ, "ಅರ್ಪಿತಾ ಮಾಡ್ಲಿ, ನೀನು ಸುಧಾರಿಸ್ಕೊ" ಅನ್ನುತ್ತಿದ್ದ. ಆ ದನಿಯಲ್ಲಿ ಕನಿಕರವಿತ್ತು. ಆದರೆ ಅವಳು ಕೈ ಹಚ್ಚಿದ ಸಾರನ್ನು ಅವನು ಮುಟ್ಟುತ್ತಿರಲಿಲ್ಲ ಅನ್ನುವುದೂ ಮನೆಯವರಿಗೆಲ್ಲ ಗೊತ್ತಿತ್ತು.

ಪಟ್ಟಣದ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು ಗಾಯ ನೋಡಿ, ತೂಕ ನೋಡಿ, ಅವಳ ಮುಖ ನೋಡಿದರು. "ಗಾಯ ಚೆನ್ನಾಗಿ ಮಾಗಿದೆಯಮ್ಮ. ನೀವು ಯಾಕೆ ಕರಗಿಹೋಗ್ತಿದ್ದೀರಿ?" ಅಂದವರೇ ವರಾಂಡದ ಕೊನೆಯ ಕೋಣೆಗೆ ಹೋಗಿ ಬನ್ನಿ ಅಂದರು. ಮಂಗಳವಾರ ಅಲ್ಲಿ ಕೌನ್ಸೆಲಿಂಗ್ ಮೇಡಂ ಬರುತ್ತಾರೆ.

"ನಂಗೇನು ತಲೆ ಕೆಟ್ಟದಾ?" ಅಂತ ಚಿಕ್ಕಬೋರಮ್ಮ ಸೊಸೆಯ ಕಿವಿಯಲ್ಲಿ ಕೇಳಿದಳು.

"ಇಲ್ಲ ಅತ್ತೆ. ಸುಮ್ನೆ ಮಾತಾಡಿಸ್ತಾರಂತೆ. ಬನ್ನಿ."

ಮೇಡಂ ಹೆಸರು ಅನುಶ್ರೀ, ಮಂಡ್ಯದ ಕಡೆಯ ಹುಡುಗಿ. ಮೊದಲ ದಿನ ಚಿಕ್ಕಬೋರಮ್ಮ ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. ಹಸುವಿನ ವಿಷಯ ಹೇಳಿದಳು, ಮಗಳಿಲ್ಲದ ವಿಷಯ ಹೇಳಿದಳು. ಅನುಶ್ರೀ ಎಲ್ಲವನ್ನೂ ಕೇಳಿಸಿಕೊಂಡು, "ಬೆಳಿಗ್ಗೆ ಏನು ಉಂಡ್ರಿ ಅಮ್ಮ?" ಅಂದಳು.

"ಕಾಫಿ ಕುಡ್ದೆ."

"ನಿನ್ನೆ?"

ಚಿಕ್ಕಬೋರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಉಂಡ್ರೆ ಅದು ತುಂಬ್ಕೊತದೆ ಕಣವ್ವ. ತುಂಬ್ಕೊಂಡ್ರೆ ವಾಸ್ನೆ. ಜನದ ನಡುವೆ ಇರೋಕಾಯ್ತದಾ?"

"ನಾನು ನಿಮ್ಮ ಹತ್ತಿರ ಕೂತಿದ್ದೀನಲ್ಲ, ನನಗೆ ಏನೂ ಬರ್ತಿಲ್ಲ."

"ನೀವು ದೊಡ್ಮನ್ಸಿನೋರು, ಅಂಗಂತೀರಿ."

"ಇಲ್ಲಮ್ಮ. ಬಂದಿದ್ರೆ ಹೇಳ್ತಿದ್ದೆ."

ಮುಂದಿನ ಮಂಗಳವಾರವೂ ಹೋದಳು, ಅದರ ಮುಂದಿನದಕ್ಕೂ. ಬರಬರುತ್ತ ಅರ್ಪಿತ ಹೊರಗಿನ ಬೆಂಚಿನಲ್ಲಿ ಕೂರತೊಡಗಿದಳು, ಅತ್ತೆ ಒಬ್ಬಳೇ ಒಳಗೆ ಹೋಗುತ್ತಿದ್ದಳು. ಅನುಶ್ರೀ ದೊಡ್ಡ ಮಾತು ಆಡುತ್ತಿರಲಿಲ್ಲ. ಈ ವಾರ ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣಿ, ಏನಾಗುತ್ತದೆ ನೋಡಿ ಬಂದು ಹೇಳಿ ಅಂದಳು. ಏನೂ ಆಗಲಿಲ್ಲ. ಈ ವಾರ ಹಾಲು ತಗೊಂಡು ಡೇರಿಯ ತನಕ ಹೋಗಿ ಬನ್ನಿ ಅಂದಳು.

ಡೇರಿಯಲ್ಲಿ ಹೆಂಗಸರ ಸಾಲು ಇತ್ತು. ಚಿಕ್ಕಬೋರಮ್ಮ ಕ್ಯಾನನ್ನು ಎಡಗಡೆಗೆ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ, ಒಂದು ಮಾರು ದೂರದಲ್ಲಿ ನಿಂತಳು. ಹಾಲು ಅಳೆಯುವ ನಾಗರಾಜು ತಲೆಯೆತ್ತಿ ನೋಡಿದ.

"ಓ, ಬೋರಕ್ಕ. ಎಲ್ಲೋಗಿದ್ದೆ ಇಷ್ಟ್ ದಿನ? ಮುಂದೆ ಬಾ, ಅಲ್ಲ್ಯಾಕೆ ನಿಂತಿದ್ದೀ?"

ಸಾಲಿನಲ್ಲಿದ್ದವರು ಜಾಗ ಮಾಡಿಕೊಟ್ಟರು. ಒಬ್ಬಳು ಅವಳ ತೋಳು ಹಿಡಿದು, ಬಡವಾಗಿದ್ದೀಯ ಕಣಕ್ಕ ಅಂದಳು. ಯಾರೂ ಮೂಗು ಮುಚ್ಚಲಿಲ್ಲ. ಚಿಕ್ಕಬೋರಮ್ಮ ಮನೆಗೆ ಬಂದವಳೇ ಖಾಲಿ ಕ್ಯಾನನ್ನು ಕುಕ್ಕಿ, "ಅರ್ಪಿತಾ, ಒಟ್ಟೆ ಅಸೀತದೆ, ಏನಾರ ಇಕ್ಕು" ಅಂದಳು. ಅತ್ತೆಯ ಬಾಯಿಂದ ಆ ಮಾತು ಬಂದದ್ದಕ್ಕೆ ಅರ್ಪಿತ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಅದೇ ಹುರುಪಿನಲ್ಲಿ ಚಿಕ್ಕಬೋರಮ್ಮ ತಮ್ಮನ ಮಗಳ ಬೀಗರೂಟಕ್ಕೂ ಹೊರಟಳು. ಪಾಂಡವಪುರದಲ್ಲಿ ಛತ್ರ. ಎರಡು ಮಂಗಳವಾರ ಅನುಶ್ರೀಯ ಹತ್ತಿರ ಅದೇ ಮಾತು ಆಗಿತ್ತು. ಯಾವ ಹೊತ್ತಿಗೆ ಚೀಲ ಖಾಲಿ ಮಾಡಬೇಕು, ಎಲ್ಲಿ ಕೂರಬೇಕು, ಯಾರಾದರೂ ಕಾಯಿಲೆಯ ಸುದ್ದಿ ಎತ್ತಿದರೆ ಏನು ಹೇಳಬೇಕು, ಎಲ್ಲ. ಮಗನ ಮದುವೆಗೆ ಕೊಂಡಿದ್ದ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದ ಹೆಂಡತಿಯನ್ನು ಸಿದ್ದರಾಜು ಒಂದು ಗಳಿಗೆ ನೋಡಿದ. "ಚೆನ್ನಾಗದೆ" ಅಂದ. ರವೀಂದ್ರನ ಬೈಕಿನಲ್ಲಿ ಮುಂದೆ ಹೋಗಿಬಿಟ್ಟ. ಅತ್ತೆ, ಸೊಸೆ, ಚಿನ್ನು ಆಟೋದಲ್ಲಿ ಬಂದರು.

ಛತ್ರದಲ್ಲಿ ತಂಗಿ ಕುಳ್ಳಮ್ಮ ಕಾದಿದ್ದಳು. ನಾಗಮಂಗಲದ ಆಚೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು ಅವಳನ್ನು. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಆಡು ಕುರಿ ಸಾಕಿಕೊಂಡು ಇದ್ದಳು. ಅಕ್ಕನನ್ನು ಎಲೆಯ ಮುಂದೆ ತನ್ನ ಮಗ್ಗುಲಲ್ಲೇ ಕೂರಿಸಿಕೊಂಡಳು. ಮುದ್ದೆ ಬಂತು, ಬಾಡಿನ ಸಾರು ಬಂತು. ಚಿಕ್ಕಬೋರಮ್ಮ ಉಂಡಳು. ಆಚೀಚೆ ಕೂತವರು ಹೆಣ್ಣಿನ ಒಡವೆಯ ಮಾತಾಡುತ್ತಿದ್ದರು, ಕುಳ್ಳಮ್ಮ ಒಳ್ಳೆಯ ತುಂಡನ್ನು ತನ್ನೆಲೆಯಿಂದ ಅಕ್ಕನ ಎಲೆಗೆ ಹಾಕಿದಳು.

ಸಿದ್ದರಾಜು ಮನೆಯ ಅಳಿಯನಾದ್ದರಿಂದ ನೀರಿನ ಜಗ್ಗು ಹಿಡಿದು ಸಾಲಿನಲ್ಲಿ ಬರುತ್ತಿದ್ದ. ಎಲ್ಲರನ್ನೂ ಮಾತಾಡಿಸುತ್ತ, ನಗಿಸುತ್ತ ಲೋಟ ತುಂಬುತ್ತ ಬಂದ. ಹೆಂಡತಿಗೆ ಇನ್ನು ಮೂರು ನಾಲ್ಕು ಎಲೆ ಇರುವಾಗ ನಿಂತ. ಪಕ್ಕದಲ್ಲಿ ಹೋಗುತ್ತಿದ್ದ ಚಿಕ್ಕಸ್ವಾಮಿಯೆಂಬ ನೆಂಟನ ಕೈಗೆ ಜಗ್ಗು ಕೊಟ್ಟು, "ಇದ ಸ್ವಲ್ಪ ನೋಡ್ಕಳ್ಳಾ" ಅಂದು ಹೊರಗೆ ನಡೆದ.

ಚಿಕ್ಕಬೋರಮ್ಮನ ಕೈ ಎಲೆಯ ಮೇಲೆ ನಿಂತಿತು. ಕುಳ್ಳಮ್ಮ ಅದನ್ನು ನೋಡಿದಳು, ಅರ್ಪಿತ ನೋಡಿದಳು, ಎದುರು ಸಾಲಿನ ಹೆಂಗಸರೂ ನೋಡಿದರು.

"ಉಣ್ಣಕ್ಕ" ಅಂದಳು ಕುಳ್ಳಮ್ಮ.

"ಸಾಕಾಯ್ತು ಕಣೆ" ಅಂದಳು ಚಿಕ್ಕಬೋರಮ್ಮ.

ಆವತ್ತು ಸಂಜೆ ಮನೆಯಲ್ಲಿ ಜಗಳವಾಯಿತು. ರವೀಂದ್ರ ಅಪ್ಪನ ಎದುರು ದನಿ ಎತ್ತಿದ್ದು ಅದೇ ಮೊದಲು.

"ಜನದ ಮುಂದೆ ಅವ್ವನ ಮರ್ವಾದೆ ತೆಗೆದ್ಯಲ್ಲಪ್ಪ. ನಂಗೆ ಅಲ್ಲಿ ತಲೆಯೆತ್ತಕ್ಕಾಗ್ನಿಲ್ಲ."

"ನಾನೇನ್ಲಾ ಮಾಡ್ದೆ? ಒಂದು ಮಾತಾಡಿದ್ನಾ?"

"ಮಾತೇ ಆಡಲ್ವಲ್ಲ ನೀನು. ಅದೇ ನಾನೂ ಹೇಳ್ತಿರೋದು. ಅವ್ವನ್ನ ಕಂಡ್ರೆ ಅಸಹ್ಯ ಪಡ್ತೀಯ."

"ಲೇ, ಬಾಯ್ಮುಚ್ಚು."

"ಕಾಯಿಲೆ ನಿಮ್ಗೆ ಬಂದಿದ್ರೆ ಅತ್ತೆ ಇಂಗೆ ಮಾಡೋರಾ ಮಾವ?" ಅಂದಳು ಅರ್ಪಿತ.

ಸಿದ್ದರಾಜು ಗೋಡೆಗೆ ಒರಗಿ ನಿಂತುಬಿಟ್ಟ. ಚಿಕ್ಕಬೋರಮ್ಮ ನಡುವೆ ಬಂದಳು. "ಬುಡ್ರಪ್ಪ, ಸಾಕು" ಅಂದಳು. ಆಮೇಲೆ ಗಂಡನ ಕಡೆ ತಿರುಗಿ, "ಮಂಗಳವಾರ ಆ ಮೇಡಂ ನಿಮ್ಮನ್ನೂ ಕರ್ಕಂಬನ್ನಿ ಅಂದವ್ರೆ. ಒಂದ್ಸಲ ಬನ್ನಿ. ಇನ್ನೇನೂ ಕೇಳಲ್ಲ ನಾನು" ಅಂದಳು.

ನಮ್ಮ ಮನೆ ಮಾತು ಊರವರ ಮುಂದೆ ಯಾಕೆ ಅಂತ ಅದುವರೆಗೆ ಕರೆದಾಗಲೆಲ್ಲ ಅನ್ನುತ್ತಿದ್ದವನು ಈ ಸಲ ಆಯಿತು ಅಂದ.

ಮಂಗಳವಾರ ಅನುಶ್ರೀಯ ಕೋಣೆಯಲ್ಲಿ ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಬಹಳ ಹೊತ್ತು ಬೆಳೆಯ ಮಾತು, ನಾಲೆ ನೀರಿನ ಮಾತು. ಅನುಶ್ರೀ ಅವಸರ ಮಾಡಲಿಲ್ಲ. ಕೊನೆಗೆ, "ಅಮ್ಮನ ಹತ್ತಿರ ಬಂದಾಗ ನಿಮಗೆ ಏನಾಗುತ್ತೆ, ಹೇಳ್ತೀರಾ?" ಅಂದಳು.

ಸಿದ್ದರಾಜು ನೆಲ ನೋಡುತ್ತ ಹೇಳಿದ.

"ವಾಸ್ನೆ ಬತ್ತದೆ."

ಚಿಕ್ಕಬೋರಮ್ಮ ಕಣ್ಣು ಮುಚ್ಚಿಕೊಂಡಳು.

"ನಮ್ಮವ್ವ ದ್ಯಾವಮ್ಮ ಅಂತ. ಎದೇಲಿ ಹುಣ್ಣಾಗಿತ್ತು. ಆಗೆಲ್ಲ ಆಸ್ಪತ್ರೆ ಎಲ್ಲಿ? ಹಿತ್ಲಲ್ಲಿ ಗುಡ್ಲು ಆಕಿ ಮಲಗ್ಸಿದ್ರು. ಯಾರೂ ಒಳಿಕೆ ಬತ್ತಿರ್ನಿಲ್ಲ. ನೊಣ ಓಡ್ಸೋಕೆ ಬೇವಿನ ಸೊಪ್ಪು ಕೊಟ್ಟು ನನ್ನ ಕೂರ್ಸಿದ್ರು. ಸಣ್ಣವ ನಾನು. ಊಟಾನೂ ಅಲ್ಲಿಗೇ ತಂದಿಡೋರು. ಅವಳ ಪಕ್ದಲ್ಲಿ ಕೂತೇ ಉಣ್ತಿದ್ದೆ. ಒಂದಿನ ತಡೀನಿಲ್ಲ. ತಟ್ಟೆ ಬುಟ್ಟು ಎದ್ದು ಓಡೋದೆ. ಮಗಾ ಅಂತ ಕೂಗಿದ್ಲು. ತಿರುಗ್ನಿಲ್ಲ. ಸಂಜೆ ಬರೋದ್ರೊಳ್ಗೆ ಓಗ್ಬುಟ್ಟಿದ್ಲು."

ಅವನೇ ಮುಂದುವರಿಸಿದ.

"ಮೈಸೂರಲ್ಲಿ ಇವ್ಳು ಆಪ್ರೇಸನ್ ಆಗಿ ಕಣ್ಬುಟ್ಟಾಗ ಪಕ್ದಲ್ಲೇ ಇದ್ದೆ. ಅದೇ ವಾಸ್ನೆ ಬಂತು. ಇವ್ಳಲ್ಲಿ ಏನೂ ಇಲ್ಲ ಅಂತ ಎಲ್ರೂ ಅಂತಾರೆ. ನಿಜಾನೇ ಇರ್ಬೋದು. ನಂಗೆ ಬತ್ತದೆ. ಇವ್ಳ ಮೇಲೆ ಅಸಹ್ಯ ಇಲ್ಲ ಕಣವ್ವ ನಂಗೆ. ದೇವ್ರಾಣೆ ಇಲ್ಲ. ತಟ್ಟೆ ಮುಂದೆ ಕೂತ್ರೆ ಅನ್ನ ಗಂಟ್ಲಲ್ಲಿ ಇಳಿಯಲ್ಲ. ನಾನೇನ್ ಮಾಡ್ಲಿ?"

ಇಷ್ಟು ವರ್ಷ ಒಟ್ಟಿಗೆ ಬಾಳಿದ ಗಂಡನ ಬಾಯಿಂದ ಅವನವ್ವನ ಸಾವಿನ ಮಾತನ್ನು ಚಿಕ್ಕಬೋರಮ್ಮ ಕೇಳಿದ್ದು ಅಂದೇ. ಕೈ ಚಾಚಿ ಅವನ ಮೊಣಕಾಲಿನ ಮೇಲೆ ಇಡಬೇಕು ಅನ್ನಿಸಿತು. ಇಟ್ಟರೆ ಅವನಿಗೆ ಹೇಗಾಗುತ್ತದೋ ಅಂತ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಇದು ವಾಸಿಯಾಯ್ತದಾ?" ಅಂತ ಅವನು ಕೇಳಿದ.

"ಆಗಬಹುದು. ನಿಧಾನ ಆಗುತ್ತೆ. ತಿಂಗಳುಗಟ್ಟಲೆ ಬರಬೇಕಾಗುತ್ತೆ ನೀವು" ಅಂದಳು ಅನುಶ್ರೀ. ಆಗುತ್ತದೆ ಅಂತ ಅವಳು ಆಣೆ ಮಾಡಲಿಲ್ಲ.

ಅವನು ಮನಸ್ಸಿಟ್ಟು ಪ್ರಯತ್ನಪಟ್ಟ. ಮುಂದಿನ ಮಂಗಳವಾರವೂ ಬಂದ. ಮಂಚವನ್ನು ಕೊಟ್ಟಿಗೆಯಿಂದ ಮನೆಯ ಜಗಲಿಗೆ ತಂದ. ಮಧ್ಯಾಹ್ನ ಒಳಗೆ ಬಂದು, ಹೆಂಡತಿಗೆ ಸ್ವಲ್ಪ ದೂರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅರ್ಪಿತ ಅವನಿಗೆ ಇಷ್ಟವಾದ ಉಪ್ಸಾರು ಮಾಡಿದಳು. ಚಿನ್ನು ಇಬ್ಬರ ನಡುವೆ ಕೂತು ಹರಟುತ್ತಿದ್ದಳು. ಅವನು ನಗುತ್ತಿದ್ದ, ತುತ್ತು ನುಂಗುತ್ತಿದ್ದ, ಎದ್ದು ಕೈ ತೊಳೆಯುತ್ತಿದ್ದ. ಕೊನೆಗೂ ಮನೆ ಮನೆಯಂತಾಯಿತು ಅಂತ ರವೀಂದ್ರ ಹೆಂಡತಿಯ ಹತ್ತಿರ ಅಂದ.

ಒಂದು ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಬೋರಮ್ಮ ಗಂಜಲದ ಗುಂಡಿಯ ಕಡೆ ಕಸ ಚೆಲ್ಲಲು ಹೋದಳು. ತಿಪ್ಪೆಯ ಹಿಂದೆ ಸಿದ್ದರಾಜು ಮೊಣಕಾಲೂರಿ ವಾಂತಿ ಮಾಡಿಕೊಳ್ಳುತ್ತಿದ್ದ. ಉಂಡದ್ದೆಲ್ಲ ಹೋಗಿತ್ತು. ಇವಳ ಕಡೆಗಿದ್ದ ಬೆನ್ನಿನಲ್ಲಿ, ಬನಿಯನ್ನಿನ ಒಳಗೆ, ಎಲುಬುಗಳು ಎದ್ದು ಕಾಣುತ್ತಿದ್ದವು. ದಿನವೂ ಹೀಗೇ ಅನ್ನುವುದು ನೆಲ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಸದ್ದು ಮಾಡದೆ ಹಿಂದಿರುಗಿದಳು.

ಆಮೇಲೆ ಅವನು ಮಂಗಳವಾರ ಬರುವುದು ನಿಂತಿತು. ಭತ್ತದ ಕುಯ್ಲಿದೆ ಅಂದ. ಕುಯ್ಲು ಮುಗಿದ ಮೇಲೆ ಮೈಕೈ ನೋವು ಅಂದ. ಒಂದು ದಿನ ಮಾತ್ರ ನಿಜ ಹೇಳಿದ: "ಅಲ್ಲಿಗೋಗಿ ಬಂದಾಗ್ಲಿಂದ ನಮ್ಮವ್ವ ಕಣ್ಮುಂದೆ ಬತ್ತಾಳೆ ಕಣಮ್ಮಿ. ನಿದ್ದೆ ಇಲ್ಲ. ಇಷ್ಟ್ ವರ್ಸ ಇರ್ನಿಲ್ಲ ಅದು."

ಅನುಶ್ರೀ ಅವನಿಗೆ ಫೋನು ಮಾಡಿ ಕರೆದಳು, ದೊಡ್ಡ ಡಾಕ್ಟರ ಹತ್ತಿರ ನಿದ್ದೆಗೆ ಮಾತ್ರೆ ಬರೆಸಿಕೊಡುತ್ತೇನೆ ಬನ್ನಿ ಅಂದಳು. ಬತ್ತೀನಿ ಕಣವ್ವ ಅಂದ. ಹೋಗಲಿಲ್ಲ. ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಮಾತ್ರ ಬಿಡಲಿಲ್ಲ. ಆ ತಟ್ಟೆಯ ಮುಂದೆ ಕೂತ ಗಂಡನ ಮುಖ ನೋಡುತ್ತ ಚಿಕ್ಕಬೋರಮ್ಮನಿಗೆ ತನ್ನ ತುತ್ತು ಇಳಿಯದಾಯಿತು.

ಅವಳು ಯಾರಿಗೂ ಹೇಳದೆ ಕುಳ್ಳಮ್ಮನಿಗೆ ಫೋನು ಮಾಡಿ, ನಿನ್ನ ಮನೆಗೆ ಬಂದು ಇರಲಾ ಅಂತ ಕೇಳಿದಳು. "ಬಾರಕ್ಕ, ಇದನ್ನೂ ಕೇಳ್ಬೇಕಾ?" ಅಂದಳು ತಂಗಿ.

ಮಂಗಳವಾರ ಅನುಶ್ರೀಗೂ ಹೇಳಿದಳು. ಅನುಶ್ರೀ ಪೆನ್ನನ್ನು ಮೇಜಿನ ಮೇಲಿಟ್ಟಳು.

"ನೀವು ಹೋಗೋದು ಅವರಿಗೋಸ್ಕರವಾ, ನಿಮಗೋಸ್ಕರವಾ ಅಮ್ಮ?"

"ಇಬ್ರಿಗೂ ಕಣವ್ವ. ನಾನಿದ್ರೆ ಅವ್ರು ಉಣ್ಣಲ್ಲ. ಸಾಯ್ತಾರೆ. ನಂಗೂ ಒಂದೊತ್ತು, ನನ್ನ ಮುಖ ನೋಡ್ಕಂಡು ನಗ್ತಾ ಉಣ್ಣೋರ ಪಕ್ದಲ್ಲಿ ಕೂತು ಉಣ್ಬೇಕು ಅನ್ನಿಸ್ತದೆ. ತಪ್ಪಾ?"

"ತಪ್ಪಲ್ಲ."

"ಇಲ್ಲಿಗೆ ಬರ್ದೆ ಇದ್ದಿದ್ರೆ ಅವ್ರು ನನ್ನ ಕಂಡ್ರೆ ಅಸಹ್ಯ ಪಡ್ತಾರೆ ಅಂದ್ಕಂಡೇ ಸಾಯ್ತಿದ್ದೆ. ಈಗ ಅಂಗಿಲ್ಲ. ಅಷ್ಟ್ ಸಾಕು ಬುಡು" ಅಂತ ಚಿಕ್ಕಬೋರಮ್ಮ ಎದ್ದಳು. ನಾಗಮಂಗಲದ ಆಸ್ಪತ್ರೆಯಲ್ಲೂ ಮಾತಾಡಲು ಒಬ್ಬರಿದ್ದಾರೆ, ನಾನೇ ಹೇಳಿರುತ್ತೇನೆ ಅಂತ ಅನುಶ್ರೀ ಬಾಗಿಲ ತನಕ ಬಂದಳು.

ಮನೆಯಲ್ಲಿ ಹೇಳಿದಾಗ ರವೀಂದ್ರ ಕೂಗಾಡಿದ. "ಊರಲ್ಲಿ ಏನಂತಾರೆ? ಕಾಯಿಲೆ ಅವ್ವನ್ನ ಮನೆಯಿಂದ ಕಳಿಸ್ದ ಅಂತಾರೆ ನನ್ನ."

"ನಾನೇ ಓಯ್ತಾ ಇರೋದು ಕಣ್ಲಾ. ಯಾರೂ ಕಳಿಸ್ತಿಲ್ಲ. ಅಂಗೇ ಹೇಳು."

ಅರ್ಪಿತ ಅತ್ತೆಯ ಸೀರೆಗಳನ್ನು ಮಡಿಸುತ್ತ ಅಳುತ್ತಿದ್ದಳು. "ಇಷ್ಟೆಲ್ಲ ಆಸ್ಪತ್ರೆಗೆ ಅಲೆದದ್ದು ಇದಕ್ಕಾ ಅತ್ತೆ? ನೀವು ನಡುಮನೇಲಿ ಕೂತು ಉಣ್ಲಿ ಅಂತ ಅಲ್ವಾ?"

"ಉಣ್ತೀನಲ್ಲವ್ವ. ನಿಮ್ಮ ಚಿಕ್ಕತ್ತೆ ಮನೇಲಿ ಉಣ್ತೀನಿ. ನೀನು ಅಳ್ಬ್ಯಾಡ. ನನ್ನ ಎದ್ದು ಓಡಾಡೋ ಅಂಗೆ ಮಾಡ್ದೋಳು ನೀನು." ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಿದ್ದರಾಜು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಬೇಡ ಅನ್ನಲಿಲ್ಲ. "ಬಸ್ಸು ಅತ್ತಿಸ್ತೀನಿ" ಅಂದ.

ಹೊರಟ ದಿನ ಅರಕೆರೆಯಿಂದ ಪಟ್ಟಣದ ತನಕ ಬಸ್ಸು ತುಂಬಿತ್ತು. ಚಿಕ್ಕಬೋರಮ್ಮನಿಗೆ ಹೆಂಗಸರ ಸೀಟು ಸಿಕ್ಕಿತು, ಅವನು ಮುಂದೆ ಡ್ರೈವರನ ಹತ್ತಿರ ನಿಂತೇ ಬಂದ. ಪಟ್ಟಣದ ನಿಲ್ದಾಣದಲ್ಲಿ ನಾಗಮಂಗಲದ ಬಸ್ಸು ಖಾಲಿ ನಿಂತಿತ್ತು. ಅವನು ಬ್ಯಾಗನ್ನು ಮೇಲಿಟ್ಟ. ನೀರಿನ ಬಾಟಲಿ ತಂದುಕೊಟ್ಟ. ಇನ್ನು ಇಳಿಯುತ್ತಾನೆ ಅಂತ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಸೀಟು ಅಲುಗಿತು. ತಿರುಗಿದರೆ ಸಿದ್ದರಾಜು ಪಕ್ಕದಲ್ಲಿ ಕೂತಿದ್ದ, ತೋಳಿಗೆ ತೋಳು ತಾಗುವಂತೆ.

"ಬಸ್ಸು ಒರಡೋಗಂಟ ಇರ್ತೀನಿ" ಅಂದ.

"ಅಸ ಕಟ್ಟಾಕಿ ಬಂದಿದ್ದೀರಿ. ಓಗ್ಬನ್ನಿ."

"ಅರ್ಪಿತಾ ನೋಡ್ಕತಾಳೆ."

ಹಾಗೇ ಕೂತರು. ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನು ಕೂಗುತ್ತಿದ್ದ. ಗಂಡನ ಮೈಯ ಬಿಸಿ ತೋಳಿಗೆ ತಾಗುತ್ತಿತ್ತು. ಅದು ಮರೆತೇಹೋಗಿತ್ತು ಅವಳಿಗೆ. ಓರೆಗಣ್ಣಿನಲ್ಲಿ ನೋಡಿದಳು. ಅವನು ಎದುರು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಕತ್ತಿನ ನರ ಉಬ್ಬಿತ್ತು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ಹಣೆಯಲ್ಲಿ ಬೆವರು. ಕಣ್ಣಲ್ಲಿ ನೀರು ತುಂಬಿಕೊಂಡು ರೆಪ್ಪೆಯ ಅಂಚಿಗೆ ಬಂದಿತ್ತು.

ಅವನು ಅವಳ ಕಡೆ ತಿರುಗಿದ. ನಗಲು ನೋಡಿದ.

"ಇವತ್ತು ಬತ್ತಿಲ್ಲ ಕಣಮ್ಮಿ" ಅಂದ.

"ಅಂಗಾ?"

"ಊಂ. ಏನೂ ಬತ್ತಿಲ್ಲ."

"ಒಳ್ಳೇದಾಯ್ತು" ಅಂದಳು ಚಿಕ್ಕಬೋರಮ್ಮ. ಅವನ ಕೈಯನ್ನು ಕಂಬಿಯಿಂದ ಬಿಡಿಸಿ ಒಂದು ಗಳಿಗೆ ಹಿಡಿದುಕೊಂಡಳು. ಅದು ತಣ್ಣಗೆ ಒದ್ದೆಯಾಗಿತ್ತು. ಆಮೇಲೆ ಬಿಟ್ಟಳು. "ಡ್ರೈವರು ಅತ್ದ. ಇಳ್ಕೊಳ್ಳಿ ಇನ್ನ. ಒತ್ತೊತ್ತಿಗೆ ಉಣ್ಣಿ."

ಅವನು ಎದ್ದು, ಕಂಬಿ ಹಿಡಿಯುತ್ತ ಹಿಡಿಯುತ್ತ ಹೋಗಿ ಇಳಿದ. ಬಸ್ಸು ಹಿಂದಕ್ಕೆ ಬಂದು ತಿರುಗುವಾಗ ಅವಳು ಕಿಟಕಿಯಿಂದ ಹುಡುಕಿದಳು. ನಿಲ್ದಾಣದ ಗೋಡೆಯ ಮೂಲೆಯಲ್ಲಿ, ಈ ಕಡೆಗೆ ಬೆನ್ನು ಮಾಡಿ, ಒಂದು ಕೈಯನ್ನು ಗೋಡೆಗೆ ಊರಿ ಬಗ್ಗಿಕೊಂಡಿದ್ದ. ಬಸ್ಸು ರಸ್ತೆಗೆ ಬಂತು.

ಕಂಡಕ್ಟರು ಬಂದು ಆಧಾರ್ ಕಾರ್ಡು ನೋಡಿ ಹೆಂಗಸರ ಫ್ರೀ ಚೀಟಿ ಹರಿದ. "ನಾಗಮಂಗಲಕ್ಕಾ ಅಮ್ಮ? ಪಕ್ಕದಲ್ಲಿ ಯಜಮಾನ್ರು ಕೂತಿದ್ರಲ್ಲ, ಅವರದ್ದು?"

"ಅವ್ರು ಇಳ್ಕೊಂಡ್ರು ಕಣಪ್ಪ" ಅಂದಳು ಚಿಕ್ಕಬೋರಮ್ಮ. "ನಾನೊಬ್ಳೇ."